ಆಯಿಯ ಚಂಚಿ, ಅಪ್ಪನ ಕೀರ್ದಿ

ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತನಗೆ ಓದಿ ಹೇಳದ ಕಾಗದಕ್ಕೆ ಆಕೆ ಹೆಬ್ಬೆಟ್ಟು ಒತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗಿನ ಮಾತು. ಎತ್ತಿನ ಸಾಲದ ಕಾಗದವೊಂದು ಮನೆಗೆ ಬಂದಿತ್ತು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಚಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತ "ಓದವಾ" ಎಂದಳು. ನಾನು ಓದುತ್ತ ಹೋದೆ. ಒಂದು ಕಡೆ ನಾಲಿಗೆ ತೊಡರಿತು.

"ಇನ್‌ಸ್ಟಾಲ್‌ಮೆಂಟ್."

"ಹಂಗಂದ್ರ?"

"ಗೊತ್ತಿಲ್ಲಾ, ಆಯಿ."

"ನಿನಗ ಗೊತ್ತಿಲ್ಲಾ, ನನಗ ಗೊತ್ತಿಲ್ಲಾ. ಗೊತ್ತಿಲ್ಲದ್ದಕ್ಕ ಹೆಬ್ಬಟ್ಟ ಒತ್ತಂದ್ರ ಹೆಂಗ? ಹೋಗು, ನಿಮ್ಮಪ್ಪನ್ನ ಕೇಳ್ಕೊಂಡ ಬಾ."

ಅಪ್ಪ ಊರ ಸೊಸಾಯಿಟಿಯ ಸೆಕ್ರೆಟರಿ. ಕೀರ್ದಿ ಬರೆಯುತ್ತಿದ್ದವರು ತಲೆ ಎತ್ತದೆ "ಹಪ್ತೆ ಅಂತ ಹೇಳು" ಎಂದರು. ಓಡಿ ಬಂದು ಹೇಳಿದೆ. ಆಯಿ ಎಲೆಯನ್ನು ದವಡೆಗೆ ಒತ್ತಿ, "ಹಪ್ತೆ ಅಂತ ಬರದಿದ್ರ ಅವರ ಗಂಟೇನ ಹೋಗತಿತ್ತು?" ಎಂದು ಕೇಳಿ, ಎಷ್ಟು ಹಪ್ತೆ, ಯಾವ ತಿಂಗಳಿಗೆ, ತಪ್ಪಿದರೆ ಏನು ಎಂದು ಒಂದೊಂದನ್ನೂ ಎರಡೆರಡು ಸಲ ಓದಿಸಿ, ಆಮೇಲೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಳು.

ಮುಂದೆ ನಾನು 31 ವರ್ಷ ಕಾಮರ್ಸ್ ಕಲಿಸಿದೆ. ಡೆಬಿಟ್, ಕ್ರೆಡಿಟ್, ಕ್ಯಾಪಿಟಲ್, ಡಿವಿಡೆಂಡ್ ಎಂದು ಸಾವಿರಾರು ಮಕ್ಕಳಿಂದ ಹೇಳಿಸಿದೆ. ಆದರೆ ದುಡ್ಡಿನ ಇಂಗ್ಲಿಷನ್ನು ಹೇಗೆ ಕಲಿಯಬೇಕೆಂಬ ಮೊದಲ ಪಾಠ ನನಗೆ ಆ ಕಂಬದ ಬುಡದಲ್ಲೇ ಆಗಿತ್ತು. ಈ ಶಬ್ದಗಳು ನಮ್ಮೂರಿಗೆ ಯಾವ ದಾರಿಯಿಂದ, ಯಾರ ಕೈಯಲ್ಲಿ, ಯಾವ ಕಾಗದದ ಮೇಲೆ ಕೂತು ಬಂದವು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ನಮ್ಮ ಅಂಕಲಿ ಇರುವುದು ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಸೇತುವೆ ದಾಟಿದರೆ ಮಾಂಜರಿ, ಮುಂದೆ ಕಾಗವಾಡ, ಅದರಾಚೆ ಮಿರಜ. ಇತ್ತ ಹಿಂದಕ್ಕೆ ಚಿಕ್ಕೋಡಿ, ನಿಪ್ಪಾಣಿ. ಆಷಾಢದ ವಾರಿ ಎಂಬ ಕಾಲ್ನಡಿಗೆಯ ಯಾತ್ರೆಗೆ ಮುನ್ನ ಪ್ರತಿ ವರ್ಷ ನಮ್ಮೂರ ಶಿತೋಳೆ ಸರ್ಕಾರ್ ಅವರ ವಾಡೆಯಿಂದ ಕುದುರೆಗಳು ಹೊರಟು, ಜ್ಞಾನೇಶ್ವರ ಮಹಾರಾಜರ ಪಾಲಖಿಗಾಗಿ ಆಳಂದಿಯವರೆಗೆ ನಡೆದು ಹೋಗುತ್ತವೆ. ಅವು ನಡೆಯುವ ದಾರಿಯಲ್ಲೇ ನಮ್ಮ ಬೆಲ್ಲ, ಅರಿಶಿಣ, ತಂಬಾಕು ನಡೆದವು. ಹಿಂದಿರುಗುವಾಗ ಶಬ್ದಗಳನ್ನು ಹೊತ್ತುಕೊಂಡು ಬಂದವು. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದವು. ಪಕ್ಕದ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಒಂದೇ ದಿನ ಸಂತೆಗೆ ಹೋಗಿ ಬರುವಷ್ಟರಲ್ಲಿ ಎರಡು ಸರ್ಕಾರಗಳ ಗಡಿ ದಾಟಿದವರು ನಮ್ಮ ಅಜ್ಜಂದಿರು. ಕನ್ನಡದಲ್ಲಿ ಬೆಳೆದು, ಮರಾಠಿಯಲ್ಲಿ ಮಾರಿ, ಮೋಡಿ ಲಿಪಿಯ ಲೆಕ್ಕಕ್ಕೆ ತಲೆಬಾಗಿದವರು.

ಇಂಗ್ಲಿಷ್ ಬರುವ ಮುಂಚೆ ನಮಗೆ ದುಡ್ಡಿನ ಮಾತು ಇರಲಿಲ್ಲವೆಂದು ಯಾರೂ ತಿಳಿಯಬಾರದು. ಸಾವಕಾರರ ಅಂಗಡಿಯಲ್ಲಿ ಗಾದಿ, ಗಾದಿಯ ಮುಂದೆ ಇಳಿಜಾರಿನ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕೆಂಪು ಬಟ್ಟೆಯ ರಟ್ಟಿನ ವಹಿ. ಅದರೊಳಗೆ ಜಮಾ, ಖರ್ಚು, ಬಾಕಿ, ವಸೂಲಿ, ಜಾಮೀನು, ಕಿಸ್ತು, ಅಸಲು. ಇವೆಲ್ಲ ಬಿಜಾಪುರದ ಆದಿಲಶಾಹಿ ದಫ್ತರದ ಕಾಲದಿಂದ ಅರಬ್ಬಿ, ಫಾರಸಿಯಿಂದ ಇಳಿದು, ಪೇಶವೆಯವರ ಕಾಲಕ್ಕೆ ಮರಾಠಿಯ ಬಣ್ಣ ಬಳಿದುಕೊಂಡು ನಮ್ಮ ಬಾಯಿಗೆ ಬಂದವು. ದಲಾಲಿಯೂ ಆ ಕಡೆಯದೇ. ನುಕ್ಸಾನ ಎಂಬುದು ನಮ್ಮಲ್ಲಿ ಲುಕ್ಸಾನ ಆಯಿತು. ಅವುಗಳ ನಡುವೆ ಬಡ್ಡಿ ಇದೆ. ಸಂಸ್ಕೃತದ ವೃದ್ಧಿ ಪ್ರಾಕೃತದಲ್ಲಿ ವಡ್ಢಿಯಾಗಿ, ಕನ್ನಡದಲ್ಲಿ ಬಡ್ಡಿಯಾಗಿ, ಎಲ್ಲಕ್ಕಿಂತ ಮೊದಲೇ ಇಲ್ಲಿ ಬೇರು ಬಿಟ್ಟದ್ದು. ಗೋವೆಯೂ ನಮಗೆ ದೂರವಲ್ಲ. ಸಂಬಳಕ್ಕೆ ನಾವು ಹೇಳುವ ಪಗಾರ, ಹರಾಜಿಗೆ ಹೇಳುವ ಲಿಲಾವ, ಎರಡೂ ಪೋರ್ಚುಗೀಸರ ಮಾತುಗಳು. ಸಾಲ ತೀರಿಸದವನ ಮನೆ ಲಿಲಾವಿಗೆ ಬಂತು ಎನ್ನುವಾಗ ನಮ್ಮ ಹಿರಿಯರು ಒಂದೇ ವಾಕ್ಯದಲ್ಲಿ ಕನ್ನಡ ನಾಡಿಗೂ ಲಿಸ್ಬನ್ನಿಗೂ ಸೇತುವೆ ಕಟ್ಟುತ್ತಿದ್ದರು.

ಶಬ್ದಗಳಿದ್ದವು, ನಿಜ. ಅವನ್ನು ಬರೆದ ಲಿಪಿ ಮಾತ್ರ ಸಾಲ ಪಡೆದವನ ಕಣ್ಣಿಗೆ ಹತ್ತುತ್ತಿರಲಿಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಹಿಂದೂಸ್ಥಾನದ ಹತ್ತಿಗೆ ಬಂಗಾರದ ಬೆಲೆ ಬಂತು, ಸಾಲ ಧಾರಾಳವಾಗಿ ಹರಿಯಿತು. ಯುದ್ಧ ಮುಗಿದು ಬೆಲೆ ಕುಸಿದಾಗ ಉಳಿದದ್ದು ಕರಾರು ಪತ್ರಗಳಷ್ಟೇ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ದಂಗೆ ಎದ್ದರು, ಅದು ಅಹಮದನಗರದವರೆಗೆ ಹಬ್ಬಿತು. ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲದ ಕಾಗದಗಳನ್ನು. ಓದಲು ಬಾರದ ಕಾಗದ ತನ್ನ ಹೊಲವನ್ನು ನುಂಗುತ್ತಿದೆ ಎಂದು ಗೊತ್ತಾದವನ ಸಿಟ್ಟು ಅದು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯದೆ ಬಂದು, ಇಂಥ ಪತ್ರಗಳನ್ನು ಊರ ರಜಿಸ್ಟ್ರಾರರ ಎದುರಿಗೆ ಬರೆಸಬೇಕೆಂದಾಯಿತು. ಈ ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಆಯಿ ನೆನಪಾಗುತ್ತಿದ್ದಳು. "ಓದವಾ" ಎಂಬ ಆಕೆಯ ಹಟದ ಹಿಂದೆ ಎಷ್ಟು ತಲೆಮಾರುಗಳ ಸುಟ್ಟ ಗಾಯವಿತ್ತೋ!

ಹೊಸ ಶಬ್ದಗಳ ಮೊದಲ ದೊಡ್ಡ ಗಂಟು ಸೊಸಾಯಿಟಿಯ ಜೊತೆ ಬಂತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆಯಾದ ಮರುವರ್ಷವೇ, 1905ರ ಮೇ 8ರಂದು, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ನೋಂದಣಿಯಾಯಿತು. ಈ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅದು. ಅದೇ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದರು. ಒಂದು ಕಡೆ ಪಂಡಿತರೊಬ್ಬರು ಎರಡು ಸಾವಿರ ವರ್ಷದ ಹಿಂದಿನ ಅರ್ಥವಿಚಾರವನ್ನು ಬೆಳಕಿಗೆ ಹಿಡಿದರು. ಇನ್ನೊಂದು ಕಡೆ ಹಳ್ಳಿಯ ಗೌಡರೊಬ್ಬರು ರೈತರ ಪುಡಿಕಾಸನ್ನು ಒಂದೆಡೆ ಸೇರಿಸಿದರು. ಎರಡೂ ಕನ್ನಡ ನೆಲದಲ್ಲಿ, ಒಂದೇ ವರ್ಷದಲ್ಲಿ. ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಹೇಳದೆ ನಾನು ಯಾವ ವರ್ಷವೂ ಪಾಠ ಶುರುಮಾಡಲಿಲ್ಲ.

ಆ ಸಂಘದ ಹೆಸರಿನಲ್ಲೇ ಒಂದು ಸೊಗಸಾದ ಶಬ್ದವಿದೆ: ಪತ್ತು. ನಮ್ಮ ಕಡೆ "ಪ್ಯಾಟ್ಯಾಗ ಅವನ ಪತ್ತ ಛಲೋ ಐತಿ" ಎಂದರೆ, ಕೈಯಲ್ಲಿ ಕಾಸಿಲ್ಲದಿದ್ದರೂ ಅಂಗಡಿಯವರು ಅವನನ್ನು ನಂಬಿ ಮಾಲು ಕೊಡುತ್ತಾರೆ ಎಂದರ್ಥ. ಇಂಗ್ಲಿಷಿನ ಕ್ರೆಡಿಟ್ ಹುಟ್ಟಿದ್ದೂ ನಂಬುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ಸಾಲಕ್ಕೆ ಮೂಲ ನಂಬಿಗೆ ಎಂಬುದು ರೋಮಿನವರಿಗೂ ನಮ್ಮ ಚಿಕ್ಕೋಡಿ ಪೇಟೆಯವರಿಗೂ ಬೇರೆ ಬೇರೆಯಾಗಿ ಹೊಳೆದಿತ್ತು. ಹೀಗಿರುವಾಗ ಕ್ರೆಡಿಟ್ ಎಂಬುದನ್ನು ಮಕ್ಕಳಿಗೆ ಹೊರಗಿನ ಶಬ್ದವೆಂದು ಏಕೆ ಕಲಿಸಬೇಕು?

ಅಪ್ಪ ಹಾಗೆ ಕಲಿತವರಲ್ಲ. ಅವರು ಮುಲ್ಕಿ ಪರೀಕ್ಷೆ ಪಾಸಾದವರು, ಇಂಗ್ಲಿಷ್ ಅಷ್ಟಕ್ಕಷ್ಟೆ. ಸೊಸಾಯಿಟಿಗೆ ಬರುವ ಸರ್ಕ್ಯುಲರುಗಳಲ್ಲಿ ಹೊಸ ಶಬ್ದ ಕಂಡಾಗಲೆಲ್ಲ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಪುಟದ ನಡುವೆ ಗೆರೆ. ಬಲಕ್ಕೆ ಇಂಗ್ಲಿಷ್ ಮಾತು, ಕನ್ನಡ ಅಕ್ಷರದಲ್ಲಿ. ಎಡಕ್ಕೆ ಅದಕ್ಕೆ ಊರಲ್ಲಿ ಹೇಳುವ ಮಾತು. ಡೇಬುಕ್ಕಿಗೆ ಕೀರ್ದಿ. ಲೆಡ್ಜರಿಗೆ ಖತಾವಣಿ. ಪ್ರಿನ್ಸಿಪಲ್‌ಗೆ ಮುದ್ದಲ. ಸೆಕ್ಯುರಿಟಿಗೆ ತಾರಣ. ಓವರ್‌ಡ್ಯೂಗೆ ಥಕಬಾಕಿ. ಕ್ಯಾಶಿಗೆ ರೋಖ, ಕ್ರೆಡಿಟ್ ಸೇಲಿಗೆ ಉದ್ರಿ. ಎಡಗಡೆಯ ಮಾತು ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತಿದ್ದರು. ತಾವಾಗಿ ಹೊಸ ಶಬ್ದ ಕಟ್ಟುತ್ತಿರಲಿಲ್ಲ. ಯಾರಾದರೂ ರೈತರು ಮಾತಿನ ಭರದಲ್ಲಿ ಸರಿಯಾದ ಶಬ್ದ ಆಡಿದ ದಿನ ಆ ಜಾಗ ತುಂಬುತ್ತಿತ್ತು.

ಆ ನೋಟುಬುಕ್ಕಿನ ಎರಡನೇ ಪುಟದಲ್ಲಿ ಶೇರ್ ಎಂಬ ಶಬ್ದವಿದೆ. ಅದರ ಎದುರು ಅಪ್ಪ ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದ್ದಾರೆ. ನಮ್ಮಲ್ಲಿ ಶೇರು ಎಂದರೆ ಜೋಳ ಅಳೆಯುವ ಮಾಪು. ಸೊಸಾಯಿಟಿಯ ಶೇರು ತಗೋ ಎಂದರೆ ಮನುಷ್ಯ ಚೀಲ ಹಿಡಿದೇ ಬರುತ್ತಿದ್ದ! ಕೊನೆಗೆ ಅಲ್ಲಿ ನಿಂತ ಶಬ್ದ ಪಾಲು. ಹೊಲವನ್ನು ಪಾಲಿಗೆ ಮಾಡುವವನಿಗೆ ಗೊತ್ತಿತ್ತು: ಪಾಲು ಎಂದರೆ ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ, ಸಾಲದ ಹಾಗೆ ಬಡ್ಡಿ ಕೇಳುವಂತಿಲ್ಲ. ಷೇರು ಬಂಡವಾಳಕ್ಕೂ ಸಾಲಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೊಕ್ಕಟವಾಗಿ ಹೇಳುವ ಪಠ್ಯಪುಸ್ತಕ ನನಗೆ ಮುಂದೆಯೂ ಸಿಗಲಿಲ್ಲ. ಜನ ಮಾತ್ರ ಇಂಗ್ಲಿಷಿನ ಶೇರಿಗೆ ಫಾರಸಿಯ ಬಾಲ ಹಚ್ಚಿ ಶೇರದಾರ ಎಂದು ಮಾಡಿಕೊಂಡರು. ಇಂದಿಗೂ ಕಾರ್ಖಾನೆಯ ಚುನಾವಣೆಯಲ್ಲಿ ಮತ ಕೇಳುವುದು ಶೇರದಾರರ ಹತ್ತಿರವೇ.

1951–52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ತರುವ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರ ಸುಮಾರು ಮಾತ್ರ. ಉಳಿದ ಬಹುಪಾಲು ಸಾವಕಾರರದೇ. ಹೊಸ ಶಬ್ದಗಳು ಕಾಗದದಲ್ಲಿದ್ದವು, ಬದುಕು ಹಳೆಯ ಶಬ್ದಗಳಲ್ಲೇ ನಡೆದಿತ್ತು. ಅದರ ನಡುವೆ 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ಅಲ್ಲಿಯತನಕ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಈಗ ಒಂದೇ ಏಟಿಗೆ ನೂರು. ಒಂದಾಣೆಯ ಬೆಲೆ ಆರೂಕಾಲು ಪೈಸೆ ಎಂದು ಪೋಸ್ಟಿನಲ್ಲಿ ಪಟ್ಟಿ ಹಚ್ಚಿದ್ದರಂತೆ. ಲೆಕ್ಕದ ಈ ಬದಲಾವಣೆ ಮಾತನ್ನೂ ಬದಲಿಸಿತು ಎಂದು ಅಪ್ಪ ಹೇಳುತ್ತಿದ್ದರು. ರೂಪಾಯಿಗೆ ಇಷ್ಟು ಆಣೆ ಬಡ್ಡಿ ಎನ್ನುತ್ತಿದ್ದವರು ನೂರಕ್ಕೆ ಇಷ್ಟು ಟಕ್ಕೆ ಎನ್ನತೊಡಗಿದರು. ಟಕ್ಕೆಯಿಂದ ಪರ್ಸೆಂಟಿಗೆ ಒಂದೇ ಹೆಜ್ಜೆ.

ಸೊಸಾಯಿಟಿಯ ವರ್ಷದ ಸಭೆ ಗುಡಿಯ ಕಟ್ಟೆಯ ಮೇಲೆ ಆಗುತ್ತಿತ್ತು. ಅಪ್ಪ ನಿಂತು ಜಮಾ ಇಷ್ಟು, ಖರ್ಚು ಇಷ್ಟು ಎಂದು ಪ್ರತಿ ಬಾಬನ್ನೂ ಗಟ್ಟಿಯಾಗಿ ಓದುತ್ತಿದ್ದರು. ಕೇಳುವವರಲ್ಲಿ ಮುಕ್ಕಾಲು ಮಂದಿಗೆ ಓದಲು ಬಾರದು. ಆದರೆ ಅವರ ಕಿವಿ! ಒಂದು ವರ್ಷ ಬೀಜದ ಚೀಲದ ಹಮಾಲಿಯ ಮೊತ್ತ ಓದಿದಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕರು, "ಸೆಕ್ರೆಟರಿ ಸಾಹೇಬ್ರ, ಚೀಲ ಇಳದದ್ದು ಎರಡ ಗಾಡಿ. ನೀವು ಮೂರು ಗಾಡಿ ಹಮಾಲಿ ಓದಿದ್ರಿ" ಎಂದರು. ಅಪ್ಪ ವೌಚರು ತೆಗೆಸಿ ನೋಡಿದರು. ಮುದುಕರ ಮಾತೇ ಸರಿ, ಗುಮಾಸ್ತರ ಕೈತಪ್ಪು. ಅಪ್ಪ ಅಲ್ಲೇ ತಿದ್ದಿ, ತಿದ್ದಿದ್ದನ್ನು ಮತ್ತೆ ಗಟ್ಟಿಯಾಗಿ ಓದಿದರು. ಎಷ್ಟೋ ವರ್ಷದ ಮೇಲೆ ಕಾಲೇಜಿನಲ್ಲಿ ಆಡಿಟ್ ಶಬ್ದದ ಮೂಲ ಹುಡುಕಿದಾಗ ನನಗೆ ಮೈ ಜುಮ್ಮೆಂದಿತು. ಆಡಿಟ್ ಎಂದರೆ ಕೇಳುವುದು. ಲ್ಯಾಟಿನ್ನಿನಲ್ಲಿ ಕೇಳು ಎಂಬ ಅರ್ಥದ ಧಾತುವಿನಿಂದಲೇ ಅದು ಬಂದದ್ದು. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ಕೇಳಿಯೇ ಪರೀಕ್ಷಿಸುತ್ತಿದ್ದರು. ಗುಡಿಯ ಕಟ್ಟೆಯ ಮೇಲೆ ಆ ಮುದುಕರು ಮಾಡಿದ್ದು ಹೆಸರಿಗೆ ತಕ್ಕ ಆಡಿಟ್.

ನಿಪ್ಪಾಣಿಯಿಂದ ಬಂದ ಶಬ್ದಗಳು ಕಹಿ ವಾಸನೆಯವು. ಅಲ್ಲಿ ತಂಬಾಕಿನ ವಖಾರಗಳ ಸಾಲು. 1943ರಲ್ಲಿ ತಂಬಾಕಿಗೆ ಕೇಂದ್ರದ ಅಬಕಾರಿ ಸುಂಕ ಬಿದ್ದಾಗ ಲೈಸೆನ್ಸ್, ಪರ್ಮಿಟ್, ಡ್ಯೂಟಿ ಎಂಬ ಮಾತುಗಳು ಹೊಲದ ಬದುವಿನವರೆಗೆ ಬಂದವು. ಡ್ಯೂಟಿ ಎಂದರೆ ಕರ್ತವ್ಯ ಎಂದು ಸಾಲೆಯಲ್ಲಿ ಕಲಿತ ಹುಡುಗ, ತಂಬಾಕಿನ ಡ್ಯೂಟಿ ಕಟ್ಟಬೇಕು ಎಂದಾಗ ಕಣ್ಣು ಕಣ್ಣು ಬಿಡುತ್ತಿದ್ದ. ಬೆಲೆ ಹೇಳುವ ಅಧಿಕಾರ ಬೆಳೆದವನಿಗಿರಲಿಲ್ಲ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುವಂತೆ, ಮಾಲಿನ ಬೆಲೆಯೂ ಬೆಳೆದವನ ಕಿವಿಗೆ ಬೀಳದೆ ನಿರ್ಧಾರವಾಗುವ ಕಾಲ ಅದು. ಮುಂಬಯಿ ಪ್ರಾಂತದ 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯದೆ ಬಹಿರಂಗ ಲಿಲಾವನ್ನು ತರಲು ಹೊರಟದ್ದು ಈ ಕಾರಣಕ್ಕೇ.

1981ರಲ್ಲಿ ಶರದ ಜೋಶಿಯವರು ನಿಪ್ಪಾಣಿಗೆ ಬಂದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ನೌಕರಿ ಬಿಟ್ಟು ಬಂದು ಶೇತಕರಿ ಸಂಘಟನೆ ಕಟ್ಟಿದವರು. ಅವರು ತಂಬಾಕಿನ ರೈತರ ಮುಂದಿಟ್ಟದ್ದು ಒಂದೇ ಲೆಕ್ಕ: ಒಂದು ಕಿಲೋ ಬೆಳೆಯಲು ನಿನಗೆ ತಗಲಿದ ಖರ್ಚು ಎಷ್ಟು? ಕಾಸ್ಟ್ ಆಫ್ ಪ್ರೊಡಕ್ಷನ್ ಎಂಬ ಮಾತು ಉತ್ಪಾದನಾ ಖರ್ಚು ಎಂದಾಗಿ ಹಳ್ಳಿ ಹಳ್ಳಿ ತಿರುಗಿತು. ಮನೆಯವರ ದುಡಿತಕ್ಕೆ ಕೂಲಿ ಹಿಡಿದಿರಾ, ಎತ್ತಿನ ಮೇವು ಹಿಡಿದಿರಾ ಎಂದು ಕಟ್ಟೆಯ ಮೇಲೆ ಕೂತವರು ಒಬ್ಬರನ್ನೊಬ್ಬರು ಕೇಳತೊಡಗಿದರು. ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ದಿನಗಟ್ಟಲೆ ಕೂತರು. ಏಪ್ರಿಲ್ 6ರಂದು ಗೋಳಿಬಾರ್ ಆಯಿತು. ರೈತರು ಪ್ರಾಣ ಬಿಟ್ಟರು. ಒಂದು ಅರ್ಥಶಾಸ್ತ್ರದ ಶಬ್ದಕ್ಕೆ ನಮ್ಮ ಭಾಗ ಕೊಟ್ಟ ಬೆಲೆ ಅದು. ಆ ಶಬ್ದವನ್ನು ಬೋರ್ಡಿನ ಮೇಲೆ ಬರೆಯುವಾಗ ನನ್ನ ಕೈ ಪ್ರತಿ ಸಲ ಒಂದು ಕ್ಷಣ ನಿಂತಿದೆ.

ಕಬ್ಬಿನ ಕಥೆ ಬೇರೆ. 1932ರಲ್ಲಿ ವಿದೇಶಿ ಸಕ್ಕರೆಗೆ ಸಂರಕ್ಷಣಾ ಸುಂಕ ಹಾಕಿದ ಮೇಲೆ ದೇಶದ ತುಂಬ ಕಾರ್ಖಾನೆಗಳೆದ್ದವು. ನಮ್ಮ ಕೃಷ್ಣೆಯ ದಂಡೆಯ ಮೇಲೆ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ. ಬೆಲ್ಲದ ಗಾಣವಿದ್ದಾಗ ರೈತನ ಕಣ್ಣೆದುರೇ ರಸ ಕುದಿದು, ಅಚ್ಚಿಗೆ ಬಿದ್ದು, ಎಷ್ಟು ಕಬ್ಬಿಗೆ ಎಷ್ಟು ಬೆಲ್ಲ ಎಂಬುದು ಕೈಗೆ ಸಿಗುತ್ತಿತ್ತು. ಕಬ್ಬು ಕಾರ್ಖಾನೆಯ ಗೇಟಿನೊಳಗೆ ಹೋದ ಮೇಲೆ ಹೊರಗೆ ಬರುವುದು ಬಿಲ್ಲು. ಅದನ್ನು ಓದಬೇಕಾದರೆ ಟನೇಜ್, ರಿಕವರಿ, ಹಾರ್ವೆಸ್ಟಿಂಗ್ ಅಂಡ್ ಟ್ರಾನ್ಸ್‌ಪೋರ್ಟ್, ಡಿಡಕ್ಷನ್ ಗೊತ್ತಿರಬೇಕು. ಮಹಾರಾಷ್ಟ್ರದ ಪ್ರವರಾನಗರದಲ್ಲಿ 1950ರಲ್ಲಿ ವಿಠ್ಠಲರಾವ ವಿಖೆ ಪಾಟೀಲರು ಅರ್ಥಶಾಸ್ತ್ರಜ್ಞ ಧನಂಜಯರಾವ ಗಾಡಗೀಳರ ಜೊತೆ ಸೇರಿ ಸಹಕಾರಿ ಕಾರ್ಖಾನೆ ನಡೆಸಿ ತೋರಿಸಿದ ಮೇಲೆ ಆ ಗಾಳಿ ನಮ್ಮ ಕಡೆಗೂ ಬೀಸಿತು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ರಾಯಬಾಗದ ಕಾರ್ಖಾನೆ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಎಲ್ಲವೂ ಸಹಕಾರಿ. ಕಬ್ಬು ಕೊಡುವವರೇ ಶೇರದಾರರು.

ರಿಕವರಿ ಎಂಬ ಒಂದು ಶಬ್ದವನ್ನೇ ತೆಗೆದುಕೊಳ್ಳಿ. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಬಂತು ಎಂಬುದು ಅದು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಸಾರಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲಿಗೆ 355 ರೂಪಾಯಿ, ರಿಕವರಿ 10.25 ಇದ್ದಾಗ. ಅದಕ್ಕಿಂತ ಪ್ರತಿ 0.1 ಹೆಚ್ಚಾದರೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚು. ಅಂದರೆ ದಶಾಂಶದ ಒಂದೇ ಮನೆ ಏರಿದರೆ ಟನ್ನಿಗೆ 34 ರೂಪಾಯಿ 60 ಪೈಸೆ; ನೂರು ಟನ್ ಕಳಿಸಿದವನಿಗೆ 3,460 ರೂಪಾಯಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಬಿಲ್ಲಿನ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು. ಇದು ಗೊತ್ತಿದ್ದವನು ಕೇಳುತ್ತಾನೆ, ಗೊತ್ತಿಲ್ಲದವನು ಕಾಯುತ್ತಾನೆ. 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ಕೇಳಿ ಕೂತ ರೈತರ ಬಾಯಲ್ಲಿ ರಿಕವರಿ, ಎಫ್‌ಆರ್‌ಪಿ, ಎಥೆನಾಲ್ ಎಂಬ ಮಾತುಗಳು ಕೊಡಲಿ, ಕುಡಗೋಲಿನಷ್ಟೇ ಸಲೀಸಾಗಿ ಆಡುತ್ತಿದ್ದವು. 3,300 ರೂಪಾಯಿಗೆ ಮಾತುಕತೆ ಮುಗಿಯಿತು. ಆ ಇಂಗ್ಲಿಷನ್ನು ಅವರಿಗೆ ಯಾವ ಸಾಲೆಯೂ ಕಲಿಸಿರಲಿಲ್ಲ. ಕಬ್ಬಿನ ಬಿಲ್ಲು ಕಲಿಸಿತ್ತು.

ಕರಾವಳಿಯಿಂದ ಬಂದ ಒಂದು ಶಬ್ದವನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯ ಸಂಗ್ರಹಿಸುವ ಪಿಗ್ಮಿ ಠೇವಣಿ ಶುರುಮಾಡಿತು. ಇಂಗ್ಲಿಷಿನಲ್ಲಿ ಕುಳ್ಳನೆಯವನು ಎಂಬ ಅರ್ಥವಿದ್ದ ಆ ಶಬ್ದ ಕನ್ನಡ ನಾಡಿನಲ್ಲಿ ಬೇರೆಯೇ ಬಾಳು ಪಡೆಯಿತು. ನಮ್ಮೂರ ಕಾಯಿಪಲ್ಲೆ ಮಾರುವ ಹೆಣ್ಣುಮಗಳಿಗೆ ಪಿಗ್ಮಿ ಎಂದರೆ ಸಂಜೆ ಸೈಕಲ್ ಮೇಲೆ ಬರುತ್ತಿದ್ದ ಏಜೆಂಟು, ಅವನು ಕೊಡುವ ಚೀಟಿ, ವರ್ಷದ ಕೊನೆಗೆ ಮಗಳ ಕಿವಿಗೆ ಬರುವ ಬೆಂಡೋಲೆ. ಲಂಡನ್ನಿನ ಪ್ರೊಫೆಸರಿಗೂ ಗೊತ್ತಿಲ್ಲದ ಒಂದು ಬ್ಯಾಂಕಿಂಗ್ ಶಬ್ದ ಆಕೆಗೆ ಗೊತ್ತು.

ನಾನು ಪಾಠ ಮಾಡಲು ನಿಂತಾಗ ಪುಸ್ತಕದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವುದೇ ರೂಢಿ. ಮೊದಲೆರಡು ವರ್ಷ ನಾನೂ ಹಾಗೇ ಮಾಡಿದೆ. ಮಕ್ಕಳು ಪಾಸಾದರು, ಮನೆಯಲ್ಲಿ ಬಂದ ನೋಟೀಸು ಓದಲಾರದೆ ಹೋದರು. ಆಗ ಅಪ್ಪನ ನೋಟುಬುಕ್ಕು ತೆಗೆದೆ. ಬೋರ್ಡಿನ ನಡುವೆ ಗೆರೆ ಎಳೆದೆ. ಬಲಕ್ಕೆ ನನ್ನ ಶಬ್ದ, ಎಡಕ್ಕೆ ಅವರ ಮನೆಯ ಶಬ್ದ. ಬಜೆಟ್ ಎಂದು ಬರೆದ ದಿನ ಆಯಿಯ ಚಂಚಿಯನ್ನೇ ತರಗತಿಗೆ ಒಯ್ದೆ. ಫ್ರೆಂಚಿನ ಹಳೆಯ ಮಾತಿನಲ್ಲಿ ಬುಜೆತ್ ಎಂದರೆ ಪುಟ್ಟ ತೊಗಲು ಚೀಲ. ಅದೇ ಬಜೆಟ್ ಆಯಿತು. ಆಯಿಯ ಚಂಚಿಗೆ ನಾಲ್ಕು ಅರೆ: ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸಂತೆಯ ರೊಕ್ಕ, ಒಳಗಿನದರಲ್ಲಿ ಯಾರೂ ಮುಟ್ಟಬಾರದ ರೊಕ್ಕ. ಆದಾಯ, ಖರ್ಚು, ಮೀಸಲು ನಿಧಿ ಎಲ್ಲ ಅಲ್ಲೇ ಇತ್ತು.

ಬ್ಯಾಂಕ್ ಎಂದರೆ ಇಟಲಿಯ ಲೇವಾದೇವಿಗಾರರು ಕೂರುತ್ತಿದ್ದ ಬೆಂಚು ಎಂದಾಗ ಒಬ್ಬ ಹುಡುಗ "ಸಾವಕಾರನ ಗಾದಿ, ಅಕ್ಕೋರ" ಎಂದ. ಬ್ಯಾಂಕ್ರಪ್ಟ್ ಎಂದರೆ ಮುರಿದ ಬೆಂಚು ಎಂದಾಗ, ದಿವಾಳಿ ಎದ್ದವನು ಹಾಡುಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಡುತ್ತಿದ್ದನೆಂದು ತನ್ನ ಅಜ್ಜ ಹೇಳಿದ್ದನ್ನು ಒಬ್ಬ ಹುಡುಗಿ ಹೇಳಿದಳು. ಮಾರ್ಟ್‌ಗೇಜ್ ಎಂದರೆ ಸತ್ತ ಒತ್ತೆ ಎಂದಾಗ ತರಗತಿ ಸುಮ್ಮನಾಯಿತು. ಗಹಾಣ ಬಿದ್ದ ಹೊಲದ ಮಕ್ಕಳು ಅಲ್ಲಿದ್ದರು. ಕಂಪನಿ ಸರ್ಕಾರದ ಕಾಲದಲ್ಲಿ ದಕ್ಷಿಣದ ಚಿಲ್ಲರೆ ನಾಣ್ಯವನ್ನು ಇಂಗ್ಲಿಷರು ಕ್ಯಾಶ್ ಎಂದು ಕರೆದದ್ದು ನಮ್ಮ ಕಾಸನ್ನೇ, ಪೋರ್ಚುಗೀಸರ ಬಾಯಿಂದ ಕೇಳಿ, ಎಂದಾಗ ಎಲ್ಲರ ಮುಖ ಅರಳಿತು. ನಮ್ಮಿಂದಲೂ ಅವರು ಸಾಲ ಪಡೆದಿದ್ದಾರೆ ಎಂದು ತಿಳಿದ ಮಗು ಇಂಗ್ಲಿಷಿಗೆ ಹೆದರುವುದಿಲ್ಲ.

ಇಷ್ಟೆಲ್ಲ ಕಲಿಸಿದ ನಾನೇ ಒಮ್ಮೆ ಎಡವಿದೆ. ತಮ್ಮ ತನ್ನ ಮನೆಗೆ ಪಂಪು ಕೊಳ್ಳಲು ಒಂದು ಸಂಸ್ಥೆಯಿಂದ 30,000 ರೂಪಾಯಿ ಸಾಲ ತೆಗೆದಾಗ ನಾನು ಜಾಮೀನು ನಿಂತೆ. ಬಡ್ಡಿ ಶೇ. 12, ಫ್ಲ್ಯಾಟ್, ಒಂದು ವರ್ಷ, ತಿಂಗಳಿಗೆ 2,800. ಫ್ಲ್ಯಾಟ್ ಎಂಬ ಮಾತನ್ನು ಓದಿದೆ, ಅದರ ಮೇಲೆ ನಿಲ್ಲಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಬಡ್ಡಿ 3,600 ರೂಪಾಯಿ. ತಿಂಗಳು ತಿಂಗಳು ತೀರಿದಷ್ಟು ಕಳೆದು, ಉಳಿದ ಸಾಲಕ್ಕೆ ಮಾತ್ರ ಅದೇ ಶೇ. 12 ಹಿಡಿದಿದ್ದರೆ 2,000ಕ್ಕಿಂತ ಕಡಿಮೆ ಆಗುತ್ತಿತ್ತು. ನಿಜವಾದ ದರ ಶೇ. 21ರ ಮೇಲೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆಯಿ ಇದ್ದಿದ್ದರೆ ಅದೊಂದು ಶಬ್ದಕ್ಕೆ ನನ್ನನ್ನು ಎಷ್ಟು ಸಲ ಓಡಿಸುತ್ತಿದ್ದಳೋ.

ಅಥಣಿಯ ಚಪ್ಪಲಿ ಮಾಡುವ ಮನೆಗಳಲ್ಲೂ ಈಗ ಹೊಸ ಶಬ್ದಗಳ ಸದ್ದು. ಕೊಲ್ಲಾಪುರಿ ಚಪ್ಪಲಿಯ ಭೌಗೋಳಿಕ ಗುರುತು, ಅಂದರೆ ಜಿಐ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು; ನಮ್ಮ ಬೆಳಗಾವಿ ಅದರಲ್ಲಿ ಒಂದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಬಗೆಯ ಚಪ್ಪಲಿಯನ್ನು ತೋರಿಸಿದಾಗ ಜಿಐ, ಬ್ರ್ಯಾಂಡ್, ರಾಯಲ್ಟಿ ಎಂಬ ಮಾತುಗಳು ಚರ್ಮ ಹದ ಮಾಡುವ ಅಂಗಳಕ್ಕೆ ಬಂದು ನಿಂತವು. ಅಟ್ಟೆ ಹೊಲಿಯುವ ಕೈಗೆ ಈ ಶಬ್ದಗಳು ಸಿಗಬೇಕು. ಬ್ರ್ಯಾಂಡ್ ಎಂದರೆ ಕಾಸಿದ ಕಬ್ಬಿಣದ ಬರೆ. ದನ ಯಾರದೆಂದು ತಿಳಿಯಲು ಹಾಕುತ್ತಿದ್ದ ಗುರುತು. ತನ್ನ ಮಾಲಿನ ಮೇಲೆ ತನ್ನ ಗುರುತೇ ಇರಬೇಕೆಂದು ಕೇಳಲು ಅಷ್ಟು ತಿಳಿದರೆ ಸಾಕು.

ನಿವೃತ್ತಿಯಾದ ಮೇಲೆ ರವಿವಾರ ಮಧ್ಯಾಹ್ನ ಗುಡಿಯ ಪಡಸಾಲೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಜೊತೆ ಕೂರುತ್ತೇನೆ. ಅವರು ತಮ್ಮ ತಮ್ಮ ಕಾಗದ ತರುತ್ತಾರೆ. ನಾನು ಅರ್ಥ ಹೇಳುವುದಿಲ್ಲ, ಮೊದಲು ಗಟ್ಟಿಯಾಗಿ ಓದಿಸುತ್ತೇನೆ. ಓದಲು ಬಾರದವರು ಕೇಳುತ್ತಾರೆ. ಹೋದ ತಿಂಗಳು ಒಂದು ಕಾಗದದಲ್ಲಿ ನನ್ನನ್ನು ಕೆಡವಿದ ಅದೇ ಶಬ್ದ ಬಂತು: ಫ್ಲ್ಯಾಟ್ ರೇಟ್. ನಾನು ಮೂವತ್ತು ಸಾವಿರದ ಲೆಕ್ಕವನ್ನು ಹುಣಸೆಬೀಜ ಇಟ್ಟು ತೋರಿಸಿದೆ. ತಿಂಗಳು ತಿಂಗಳು ಬೀಜ ತೆಗೆಯುತ್ತ ಹೋದರೂ ಬಡ್ಡಿಯ ಗುಡ್ಡೆ ಇದ್ದಷ್ಟೇ ಇತ್ತು. ಕಬ್ಬು ಕಡಿಯಲು ಹೋಗುವ ಒಬ್ಬ ಹೆಣ್ಣುಮಗಳು, ಸಾಲೆಯ ಮುಖ ನೋಡದವಳು, ಬೀಜಗಳನ್ನೇ ನೋಡುತ್ತಿದ್ದವಳು ತಲೆ ಎತ್ತಿ ಹೇಳಿದಳು:

"ಅಂದ್ರ, ತೀರಿದ ಸಾಲಕ್ಕೂ ಬಡ್ಡಿ, ಅಕ್ಕೋರ."

ಮನೆಗೆ ಬಂದು ಅಪ್ಪನ ನೋಟುಬುಕ್ಕು ತೆಗೆದೆ. ಅದರ ಕೊನೆಯ ಪುಟಗಳಲ್ಲಿ ಬಲಗಡೆ ನನ್ನ ಕೈಬರಹದ ಶಬ್ದಗಳೂ ಇವೆ. ಫ್ಲ್ಯಾಟ್ ರೇಟ್ ಎಂಬುದರ ಎದುರು ಎಷ್ಟೋ ವರ್ಷದಿಂದ ಖಾಲಿ ಇದ್ದ ಎಡಗಡೆಯ ಜಾಗದಲ್ಲಿ ಆಕೆ ಆಡಿದ ಮಾತನ್ನು ಆಡಿದ ಹಾಗೆಯೇ ಬರೆದೆ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿದೆ.